ಕಂಪನಿ ಸ್ಟೀರಿಯೊ ಹಾಗೇ ಇಟ್ಟು ಆಂಪ್ ಹಾಕಿಸಿದ ಕಾರು: ಸದ್ದು ಕೆಟ್ಟರೆ ಹುಡುಕುವ ಬಗೆ

ಡ್ಯಾಶ್‌ಬೋರ್ಡಿನಲ್ಲಿ ಕಂಪನಿ ಕೊಟ್ಟ ಸ್ಟೀರಿಯೊ, ಬಾಗಿಲಲ್ಲಿ ಅದೇ ಹಳೆಯ ಜಾಲರಿ. ಒಳಗೆ ಮಾತ್ರ ಎಲ್ಲ ಬದಲು: ಡ್ರೈವರ್ ಸೀಟಿನಡಿ ಡಿಎಸ್‌ಪಿ (ಸದ್ದನ್ನು ಹದ ಮಾಡುವ ಚಿಪ್) ಇರುವ ಆಂಪ್, ಅಂದರೆ ಆಂಪ್ಲಿಫೈಯರ್, ಜಾಲರಿಯ ಹಿಂದೆ ಆರೂವರೆ ಇಂಚಿನ ಹೊಸ ಸ್ಪೀಕರ್, ಟ್ವೀಟರ್ (ಕೀರಲು ದನಿಯ ಪುಟ್ಟ ಸ್ಪೀಕರ್) ಗೂಡಿನಲ್ಲೇ ಹೊಸ ಟ್ವೀಟರ್, ಪಕ್ಕದ ಸೀಟಿನಡಿ ಎಂಟು ಇಂಚಿನ ಚಪ್ಪಟೆ ವೂಫರ್ (ದಪ್ಪ ದನಿಯ ಸ್ಪೀಕರ್). ನೋಡಿದವರಿಗೆ ಏನೂ ಗೊತ್ತಾಗಬಾರದು ಎನ್ನುವುದೇ ಈ ಕೆಲಸದ ಸೊಗಸು. ದೋಷ ಬಂದ ದಿನ ಅದೇ ಸೊಗಸು ಕಾಟ ಕೊಡುತ್ತದೆ, ಏಕೆಂದರೆ ಪ್ರತಿ ಜಾಯಿಂಟೂ ಯಾವುದೋ ಪ್ಲಾಸ್ಟಿಕ್ಕಿನ ಹಿಂದೆ ಕೂತಿರುತ್ತದೆ. ಪ್ಯಾನೆಲ್ ಬಿಚ್ಚಿ ಹಾಕಿದಷ್ಟೂ ಕ್ಲಿಪ್ ಸಡಿಲವಾಗಿ, ಇದ್ದ ದೋಷದ ಜೊತೆಗೆ ಕಟಕಟ ಸದ್ದೂ ಸೇರಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಹುಡುಕುವ ಕ್ರಮ ಹೀಗೆ: ಮೊದಲು ಕಿವಿ, ಆಮೇಲೆ ಸ್ಟೀರಿಯೊ ಸೆಟ್ಟಿಂಗ್, ಆಮೇಲೆ ಬಾನೆಟ್ಟಿನಲ್ಲಿ ಮತ್ತು ಸೀಟಿನಡಿಯಲ್ಲಿ ಮೀಟರ್. ಬಾಗಿಲಿನ ಪ್ಯಾನೆಲ್ಲಿಗೆ ಕೈ ಹಾಕುವುದು ಕಟ್ಟಕಡೆಗೆ. ಮುಕ್ಕಾಲು ಪಾಲು ದೋಷಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಬೇಕಾಗುವ ಸಾಮಾನು ಸ್ವಲ್ಪವೇ. ಮಿಲಿವೋಲ್ಟ್ ಮತ್ತು 10 ಆಂಪಿಯರ್ ರೇಂಜ್ ಇರುವ ಡಿಜಿಟಲ್ ಮಲ್ಟಿಮೀಟರ್, 1.5 ವೋಲ್ಟಿನ ಒಂದು ಪೆನ್‌ಟಾರ್ಚ್ ಸೆಲ್, 10 ನಂಬರ್ ಸ್ಪ್ಯಾನರ್, ಪ್ಲಾಸ್ಟಿಕ್ ಪ್ಯಾನೆಲ್ ಓಪನರ್, ಐದು ಮೀಟರ್ ಸಣ್ಣ ವೈರು, 50 ಹರ್ಟ್ಸ್ ಮತ್ತು 300 ಹರ್ಟ್ಸ್ ಟೋನ್ ತುಂಬಿದ ಪೆನ್‌ಡ್ರೈವ್. ಕಪ್ಲರ್ (ವೈರು ಜೋಡಿಸುವ ಪ್ಲಗ್), ಕ್ಲಿಪ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ರೆಸಿಸ್ಟರ್, ಕೆಪಾಸಿಟರ್, ಫ್ಯೂಸ್ ಹೋಲ್ಡರ್ ಬೇಕಾದರೆ ಎಸ್.ಪಿ. ರಸ್ತೆ.

ಕೈ ಹಾಕುವ ಮುಂಚೆ

ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಹಚ್ಚಬೇಡಿ, ಅದರ ಬಳಿ ವೈರ್ ಕಟ್ಟಬೇಡಿ. ಮುಂದಿನ ಕಂಬದ ಟ್ರಿಮ್ ತೆಗೆಯಬೇಕಾದರೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಕನಿಷ್ಠ ಮೂರು ನಿಮಿಷ ಕಾಯಿರಿ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಅಲ್ಲೇ ಮಡಚಿಕೊಂಡಿರುತ್ತದೆ. ಟ್ವೀಟರಿನ ವೈರು ಅದರ ಹಿಂದಿನಿಂದ ಹೋಗಬೇಕು, ಮುಂದಿನಿಂದಲ್ಲ.

ಇನ್ನೊಂದು ಮಾತು, ಇದನ್ನು ಮರೆತವರ ಸ್ಟೀರಿಯೊ ನೇರ ರಿಪೇರಿಗೆ ಹೋಗುತ್ತದೆ. ಕಂಪನಿ ಸ್ಟೀರಿಯೊದಲ್ಲಿ ಸ್ಪೀಕರಿನ ಮೈನಸ್ ವೈರ್ ಅರ್ಥ್ ಅಲ್ಲ. ಪ್ಲಸ್ಸೂ ಮೈನಸ್ಸೂ ಎರಡೂ ಬಾಡಿಯಿಂದ ಸುಮಾರು 6 ವೋಲ್ಟ್ ಮೇಲೆ, ಅಂದರೆ ಬ್ಯಾಟರಿಯ ಅರ್ಧ ವೋಲ್ಟೇಜಿನಲ್ಲಿ ಕೂತಿರುತ್ತವೆ. ಎರಡೂ ಎದುರುಬದುರು ಆಡಿದಾಗ ಸದ್ದು ಹುಟ್ಟುತ್ತದೆ. ಅವುಗಳಲ್ಲಿ ಯಾವುದಾದರೂ ಒಂದು ಬಾಡಿಗೆ ತಾಗಿದರೂ ಔಟ್‌ಪುಟ್ ಐಸಿ ಸುಡಬಹುದು. ನಾಲ್ಕು ಮೈನಸ್ಸನ್ನು ಒಟ್ಟಿಗೆ ತಿರುಚಿ ಒಂದೇ ವೈರ್ ಮಾಡಿಕೊಳ್ಳುವ ಹಳೆಯ ಕಾಲದ ಜಾಣತನ ಇಲ್ಲಿ ಸಲ್ಲದು. ಆಂಪಿನ ಹೈ-ಲೆವೆಲ್ ಇನ್‌ಪುಟ್ಟಿಗೆ (ಸ್ಟೀರಿಯೊದ ಸ್ಪೀಕರ್ ವೈರು ನೇರ ಸೇರುವ ಜಾಗ) ಪ್ರತಿ ಚಾನೆಲ್ಲಿನ ಎರಡೂ ವೈರ್ ಬೇರೆಬೇರೆಯಾಗಿಯೇ ಹೋಗಬೇಕು.

ಸದ್ದೇ ಇಲ್ಲ

ಆಂಪಿನ ದೀಪ ನೋಡಿ. ಉರಿಯದೇ ಇದ್ದರೆ ಕರೆಂಟು ಬರುತ್ತಿಲ್ಲ: ಪ್ಲಸ್ ಮತ್ತು ಅರ್ಥ್ ನಡುವೆ 12 ವೋಲ್ಟಿಗಿಂತ ಹೆಚ್ಚು ಇರಬೇಕು, ಕೀ ಆನ್ ಮಾಡಿದಾಗ ಆಂಪನ್ನು ಆನ್ ಮಾಡುವ ರಿಮೋಟ್ ಟರ್ಮಿನಲ್ಲಿನಲ್ಲೂ ಹಾಗೇ. ಪ್ಲಸ್ ಇಲ್ಲದಿದ್ದರೆ ಬ್ಯಾಟರಿ ಪಕ್ಕದ ಫ್ಯೂಸ್ ನೋಡಿ. ಗಾಜಿನ ನಳಿಗೆಯ ಅಗ್ಗದ ಫ್ಯೂಸ್ ಹೋಲ್ಡರುಗಳಲ್ಲಿ ಫ್ಯೂಸ್ ಹಾರದೇ ತುದಿ ಮಾತ್ರ ಕಾದು ಕಪ್ಪಾಗುವುದು ಮಾಮೂಲು. ಫ್ಯೂಸ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕರೆಂಟ್ ಮಾತ್ರ ದಾಟುವುದಿಲ್ಲ. ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಫ್ಯೂಸಿಗೆ ಬದಲಾಯಿಸಿ. ಅದು ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಲಿ, ವೈರು ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಗೂ ಕಾರಿಗೂ ನಡುವೆ ಇರುವುದು ಅದೊಂದೇ.

ಕೆಂಪು ದೀಪ ಬಂದರೆ ಆಂಪ್ ತನ್ನನ್ನು ತಾನೇ ಕಾಪಾಡಿಕೊಂಡು ಮುಚ್ಚಿಕೊಂಡಿದೆ ಎಂದರ್ಥ. ಎಲ್ಲ ಸ್ಪೀಕರ್ ವೈರುಗಳನ್ನೂ ಆಂಪಿನಿಂದ ಕಳಚಿ ಮತ್ತೆ ಆನ್ ಮಾಡಿ. ಆಗಲೂ ಕೆಂಪೇ ಇದ್ದರೆ ದೋಷ ಆಂಪಿನದು ಅಥವಾ ಅದಕ್ಕೆ ಬರುವ ಕರೆಂಟಿನದು. ಹಸಿರು ಬಂದರೆ ಒಂದೊಂದೇ ಸ್ಪೀಕರ್ ಸೇರಿಸುತ್ತ ಹೋಗಿ; ಯಾವುದನ್ನು ಸೇರಿಸಿದಾಗ ಕೆಂಪಾಯಿತೋ ಆ ಬಾಗಿಲಲ್ಲಿ ವೈರ್ ಕಚ್ಚಿಕೊಂಡಿದೆ. ಕಳಚಿದ ವೈರಿನ ತುದಿಯಲ್ಲೇ ಓಮ್ ಅಳೆಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8 ತೋರಿಸಬೇಕು. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಏನೂ ತೋರಿಸದಿದ್ದರೆ ತುಂಡಾಗಿದೆ. ಆಮೇಲೆ ಒಂದೊಂದೇ ವೈರನ್ನು ಬಾಡಿಗೆ ಅಳೆಯಿರಿ, ಅಲ್ಲಿ ಏನೂ ತೋರಿಸಬಾರದು. ಅಳೆಯುವಾಗ ಇನ್ನೊಬ್ಬರು ಬಾಗಿಲು ತೆಗೆದು ಹಾಕುತ್ತಿರಲಿ. ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯೊಳಗೆ ಮುರಿದ ವೈರು ಬಾಗಿಲು ಆಡಿದಾಗಷ್ಟೇ ಸಿಕ್ಕಿಬೀಳುತ್ತದೆ. ಟ್ವೀಟರನ್ನು ಮಾತ್ರ ಹೀಗೆ ಅಳೆಯಲು ಆಗುವುದಿಲ್ಲ. ಅದರ ಸಾಲಿನಲ್ಲಿ ಕೆಪಾಸಿಟರ್ ಇದ್ದರೆ ಮೀಟರ್ ತುಂಡಾದಂತೆಯೇ ತೋರಿಸುತ್ತದೆ.

ಆಂಪ್ ಹಸಿರಾಗಿದೆ, ಸ್ಪೀಕರ್ ಸರಿ ಇದೆ, ಆದರೂ ಮೌನ. ಹಾಗಿದ್ದರೆ ಸ್ಟೀರಿಯೊವನ್ನೇ ಅನುಮಾನಿಸಿ. ಕೆಲವು ಹೊಸ ಕಾರುಗಳ ಸ್ಟೀರಿಯೊ ಆನ್ ಆದಾಗ ತನಗೆ ಸ್ಪೀಕರ್ ಹಚ್ಚಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳುತ್ತದೆ. ಆಂಪಿನ ಇನ್‌ಪುಟ್ ಸ್ಪೀಕರಿನಷ್ಟು ಕರೆಂಟ್ ಎಳೆಯುವುದಿಲ್ಲವಾದ್ದರಿಂದ ಸ್ಪೀಕರ್ ಇಲ್ಲವೆಂದು ತಿಳಿದು ಚಾನೆಲ್ ಮುಚ್ಚಿಬಿಡುತ್ತದೆ. ಪ್ರತಿ ಚಾನೆಲ್ಲಿನ ಪ್ಲಸ್-ಮೈನಸ್ ನಡುವೆ 47 ಓಮ್, 10 ವ್ಯಾಟಿನ ಒಂದು ಸಿಮೆಂಟ್ ರೆಸಿಸ್ಟರ್ ಹಾಕಿದರೆ ಬಹಳ ಕಾರುಗಳಲ್ಲಿ ಸಮಾಧಾನವಾಗುತ್ತದೆ. ಅದನ್ನು ಕಾರ್ಪೆಟ್ಟಿಗೆ ತಾಗಿಸಿ ಟೇಪ್ ಸುತ್ತಬೇಡಿ, ಬೆಚ್ಚಗಾಗುತ್ತದೆ.

ಕುಂಯ್ಗುಡುವ ಸದ್ದು

ಅತಿ ಹೆಚ್ಚು ದೂರು ಬರುವುದು ಇದರದೇ, ಅತಿ ಹೆಚ್ಚು ತಪ್ಪು ಸಾಮಾನು ಖರೀದಿಯಾಗುವುದೂ ಇದಕ್ಕೇ. ಫಿಲ್ಟರ್ ಎಂದು ಮಾರುವ ಡಬ್ಬಿಗೆ ದುಡ್ಡು ಕೊಡುವ ಮೊದಲು ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಗೊತ್ತು ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಕೀ ಆನ್, ಎಂಜಿನ್ ಆಫ್. ಒಂದೇ ಸಮ ಸ್ಸ್ಸ್ ಎಂದರೆ ಅದು ಆಂಪಿನ ಗೇನ್ (ಬಂದ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬ ಗುಂಡಿ) ಹೆಚ್ಚಾದ ಸದ್ದು, ಕರೆಂಟಿಗೂ ಅರ್ಥಿಗೂ ಸಂಬಂಧವಿಲ್ಲ. ಎಂಜಿನ್ ಆನ್ ಮಾಡಿ ನಿಧಾನಕ್ಕೆ ಎರಡು ಸಾವಿರ ಆರ್‌ಪಿಎಮ್ಮಿಗೆ ಏರಿಸಿ. ಸದ್ದಿನ ಶ್ರುತಿಯೂ ಏರಿದರೆ ಆಲ್ಟರ್ನೇಟರಿನದು. ಈಗ ವಾಲ್ಯೂಮ್ ತಿರುಗಿಸಿ. ಕುಂಯ್ ಸದ್ದು ವಾಲ್ಯೂಮಿನ ಜೊತೆ ಏರಿಳಿದರೆ ಅದು ಸ್ಟೀರಿಯೊಗಿಂತ ಮೊದಲೇ ಸೇರಿದೆ. ಸಾಮಾನ್ಯವಾಗಿ ಚಾರ್ಜಿಗೆ ಹಾಕಿದ ಫೋನು, ಅದೇ ಫೋನಿನಿಂದ ಆಕ್ಸ್ ವೈರು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಬ್ಲೂಟೂತಿಗೆ ಬಂದರೂ ನಿಲ್ಲುತ್ತದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಸದ್ದು ಇದ್ದಷ್ಟೇ ಇದ್ದರೆ ಅದು ಸ್ಟೀರಿಯೊ ದಾಟಿದ ಮೇಲೆ ಸೇರುತ್ತಿದೆ. ಆಗ ಆಂಪಿನ ಇನ್‌ಪುಟ್ ಕಪ್ಲರ್ ಕಳಚಿ. ಆಂಪ್ ಸಿಗ್ನಲ್ ನೋಡಿ ತಾನೇ ಆನ್ ಆಗುವ ಬಗೆಯದಾದರೆ ರಿಮೋಟಿಗೆ ಪ್ಲಸ್ಸಿನಿಂದ ಒಂದು ತುಂಡು ವೈರ್ ಕೊಟ್ಟು ಎಚ್ಚರವಿಡಿ. ಇನ್‌ಪುಟ್ ಇಲ್ಲದೆಯೂ ಕುಂಯ್ ಎಂದರೆ ದೋಷ ಆಂಪಿನ ಅರ್ಥಿಂಗಿನಲ್ಲಿ. ನಿಂತುಹೋದರೆ ಸಿಗ್ನಲ್ ವೈರಿನಲ್ಲಿ.

ಅರ್ಥಿಂಗನ್ನು ಓಮಿನಲ್ಲಿ ಅಳೆದು "ಸೊನ್ನೆ ಇದೆ, ಸರಿ ಇದೆ" ಎನ್ನುವುದರಲ್ಲಿ ಅರ್ಥವಿಲ್ಲ. ಒಂದೇ ಎಳೆ ತಾಗಿಕೊಂಡಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಇಪ್ಪತ್ತು ಆಂಪಿಯರ್ ಹರಿಯುವಾಗ ಅದೇ ಎಳೆ ಉಸಿರು ಕಟ್ಟುತ್ತದೆ. ಕರೆಂಟು ಹರಿಯುವಾಗಲೇ ಅಳೆಯಬೇಕು: ಎಂಜಿನ್ ಆನ್, ಹಾಡು ಜೋರು, ಮೀಟರ್ ಡಿಸಿ ವೋಲ್ಟಿನಲ್ಲಿ. ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಆಂಪಿನ ಅರ್ಥ್ ಟರ್ಮಿನಲ್ಲಿಗೆ. ಆ ಐದು ಮೀಟರ್ ವೈರು ಬೇಕಾಗುವುದು ಇಲ್ಲಿಯೇ. ಮೀಟರ್ ಕರೆಂಟು ಎಳೆಯುವುದಿಲ್ಲವಾದ್ದರಿಂದ ಸಣ್ಣ ವೈರೇ ಸಾಕು. 0.1 ವೋಲ್ಟಿನೊಳಗೆ ಬಂದರೆ ಒಳ್ಳೆಯದು. 0.2 ದಾಟಿದರೆ ಅರ್ಥಿಂಗ್ ಬಿಚ್ಚಿ ನೋಡಿ. ಪ್ಲಸ್ ಬದಿಯನ್ನೂ ಹಾಗೇ ಅಳೆಯಿರಿ, ಬ್ಯಾಟರಿ ಪ್ಲಸ್ಸಿನಿಂದ ಆಂಪ್ ಪ್ಲಸ್ಸಿಗೆ 0.5 ವೋಲ್ಟಿಗಿಂತ ಹೆಚ್ಚು ಬೀಳಬಾರದು.

ಬಿಚ್ಚಿದರೆ ಕಾಣುವುದು ಸಾಮಾನ್ಯವಾಗಿ ಬಣ್ಣ. ಸೀಟಿನ ಬೋಲ್ಟಿಗೆ ಲಗ್ ಸಿಕ್ಕಿಸಿ ಬಿಗಿದಿರುತ್ತಾರೆ, ಕೆಳಗೆ ಪೇಂಟು ಹಾಗೇ ಇರುತ್ತದೆ. ಸೀಟ್‌ಬೆಲ್ಟ್ ಬೋಲ್ಟನ್ನಂತೂ ಮುಟ್ಟಲೇಬಾರದು, ಅದು ಪ್ರಾಣದ ಪ್ರಶ್ನೆ. ಕಂಪನಿಯೇ ಕೊಟ್ಟ ಅರ್ಥ್ ಬೋಲ್ಟ್ ಹತ್ತಿರದಲ್ಲಿದ್ದರೆ ಅದು, ಇಲ್ಲದಿದ್ದರೆ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಬಿಗಿದ ಮೇಲೆ ಮೇಲಿನಿಂದ ಬಣ್ಣ ಬಳಿಯಿರಿ. ವೈರು ಅರ್ಧ ಮೀಟರಿಗಿಂತ ಉದ್ದ ಬೇಡ, ದಪ್ಪ ಪ್ಲಸ್ ವೈರಿನಷ್ಟೇ ಇರಲಿ. ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಕರೆಂಟ್ ಸೆನ್ಸರ್ ಇರುವ ಕಾರುಗಳಲ್ಲಿ ಆಂಪಿನ ಅರ್ಥನ್ನು ನೇರ ಕಂಬಕ್ಕೆ ತರಬೇಡಿ. ಸೆನ್ಸರ್ ತಪ್ಪಿಸಿ ಹೋದ ಕರೆಂಟು ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ.

ವೈರಿನ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. 8 ಗೇಜ್ ಎಂದು ಬರೆದಿದ್ದರೂ ಅಸಲಿ ತಾಮ್ರದಷ್ಟು ಕರೆಂಟು ಒಯ್ಯುವುದಿಲ್ಲ, ಎರಡು ಗೇಜ್ ದಪ್ಪದ್ದು ಬೇಕಾಗುತ್ತದೆ (ಗೇಜ್ ಅಂಕಿ ಇಳಿದಷ್ಟೂ ವೈರು ದಪ್ಪ). ಬೇಕಾದ ದಪ್ಪದ ಲೆಕ್ಕ ಸುಲಭ: ನಾಲ್ಕು ಚಾನೆಲ್, ತಲಾ 50 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಇರುವ ಕ್ಲಾಸ್-ಡಿ ಆಂಪ್ ಪೂರ್ತಿ ದುಡಿದಾಗ ಸುಮಾರು 18 ಆಂಪಿಯರ್ ಎಳೆಯುತ್ತದೆ, ಹಳೆಯ ಕ್ಲಾಸ್-ಎಬಿ ಆದರೆ 29ರ ಹತ್ತಿರ. ಎರಡಕ್ಕೂ 8 ಗೇಜ್ ತಾಮ್ರ ಸಾಕು.

ದೋಷ ಸಿಗ್ನಲ್ ವೈರಿನಲ್ಲಿದ್ದರೆ ಬಹುತೇಕ ಅದು ಪ್ಲಸ್ ವೈರಿನ ಜೊತೆ ಒಂದೇ ಟೇಪಿನಲ್ಲಿ ಸುತ್ತಿಕೊಂಡು ಬಂದಿರುತ್ತದೆ. ಪ್ಲಸ್ ಎಡಗಡೆಯ ಹೊಸ್ತಿಲ ಕೆಳಗೆ ಹೋದರೆ ಸಿಗ್ನಲ್ ಬಲಗಡೆಯಿಂದ ಬರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಬೇಸ್ ಕಾಣೆ

ಹೊಸ ಸ್ಪೀಕರ್ ಹಾಕಿಸಿದ ಮೇಲೆ ಹಳೆಯದಕ್ಕಿಂತ ಬೇಸ್ (ದಪ್ಪ ದನಿ) ಕಡಿಮೆ ಎನ್ನುವ ದೂರು ವಿಚಿತ್ರವೆನಿಸಿದರೂ ನಿಜ. ಮೊದಲ ಪರೀಕ್ಷೆ ಬ್ಯಾಲೆನ್ಸ್ ಗುಂಡಿಯಲ್ಲಿದೆ. ಹಾಡು ಹಚ್ಚಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಳ್ಳಿ. ಒಂದೇ ಕಡೆ ಹಾಡಿದಾಗ ಬೇಸ್ ಹೆಚ್ಚಾಗಿ, ಮಧ್ಯಕ್ಕೆ ತಂದಾಗ ಕಡಿಮೆಯಾದರೆ ಎರಡು ಬಾಗಿಲುಗಳು ಒಂದಕ್ಕೊಂದು ತಿರುಗಾಮುರುಗಾ. ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಗಾಳಿಯನ್ನು ಅಲ್ಲೇ ಸರಿದೂಗಿಸಿಬಿಡುತ್ತದೆ. ಹಾಡುವವರ ದನಿಯೂ ಡ್ಯಾಶ್‌ಬೋರ್ಡಿನ ನಡುವಿನಿಂದ ಬರದೆ ಎಲ್ಲೋ ಹರಡಿಕೊಂಡಿರುತ್ತದೆ.

ಯಾವ ಕಡೆ ತಪ್ಪು ಎಂದು ನೋಡಲು ಬಾಗಿಲು ಬಿಚ್ಚಬೇಕಿಲ್ಲ. ಆಂಪಿನ ಬಳಿ ಸ್ಪೀಕರ್ ವೈರ್ ಕಳಚಿ, ಪ್ಲಸ್ ಎಂದು ಗುರುತಿರುವುದಕ್ಕೆ ಸೆಲ್ಲಿನ ಪ್ಲಸ್, ಮೈನಸ್ಸಿಗೆ ಮೈನಸ್ ಕ್ಷಣ ಮಾತ್ರ ತಾಗಿಸಿ. ಜಾಲರಿಗೆ ಟಾರ್ಚ್ ಹಿಡಿದು ನೋಡಿದರೆ ಕೋನ್ ಹೊರಕ್ಕೆ ಜಿಗಿಯಬೇಕು. ಒಳಕ್ಕೆ ಹೋದರೆ ಆಂಪಿನ ಬಳಿಯೇ ಆ ಎರಡು ವೈರ್ ಅದಲುಬದಲು ಮಾಡಿ, ಕೆಲಸ ಮುಗಿಯಿತು. ಕಂಪನಿ ವೈರಿಂಗಿನ ಬಣ್ಣದ ಪಟ್ಟಿ ನಂಬಿ ಪ್ಲಸ್-ಮೈನಸ್ ಊಹಿಸಿದ ಕಡೆ ಈ ತಪ್ಪು ಹೆಚ್ಚು.

ದಿಕ್ಕು ಸರಿಯಾಗಿದ್ದರೂ ಬೇಸ್ ಇಲ್ಲದಿದ್ದರೆ ಸ್ಟೀರಿಯೊ ಬಗ್ಗೆ ಯೋಚಿಸಿ. ಚಿಕ್ಕ ಕಾಗದದ ಕೋನ್ ಹರಿಯದಿರಲೆಂದು ಬಹಳ ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದಂತೆ ತಾವೇ ಬೇಸ್ ಇಳಿಸುತ್ತವೆ. ಪೆನ್‌ಡ್ರೈವಿನ 50 ಹರ್ಟ್ಸ್ ಟೋನ್ ಹಚ್ಚಿ, ಆಂಪ್ ಇನ್‌ಪುಟ್ಟಿನಲ್ಲಿ ಎಸಿ ವೋಲ್ಟ್ ಅಳೆಯುತ್ತ ವಾಲ್ಯೂಮ್ ಐದೈದು ಏರಿಸಿ, ಬರೆದುಕೊಳ್ಳಿ. ಆಮೇಲೆ 300 ಹರ್ಟ್ಸಿನಲ್ಲಿ ಅದನ್ನೇ ಮಾಡಿ. 300 ಏರುತ್ತಲೇ ಇದ್ದು 50 ಮಾತ್ರ ಅರ್ಧದಾರಿಯಲ್ಲಿ ನಿಂತುಬಿಟ್ಟರೆ ಬೇಸ್ ಕತ್ತರಿಸುತ್ತಿರುವುದು ಸ್ಟೀರಿಯೊ. ಸ್ಪೀಕರ್ ಬದಲಾಯಿಸಿದರೂ ಪ್ರಯೋಜನವಿಲ್ಲ. ನಿಂತ ಬಿಂದುವಿಗಿಂತ ಸ್ವಲ್ಪ ಕೆಳಗೆ ಸ್ಟೀರಿಯೊ ವಾಲ್ಯೂಮಿನ ಮಿತಿ ಇಟ್ಟುಕೊಂಡು, ಉಳಿದ ಜೋರನ್ನು ಆಂಪಿನಿಂದ ಪಡೆಯಬೇಕು. 1000 ಹರ್ಟ್ಸ್ ಬಿಟ್ಟು 300 ಎಂದದ್ದಕ್ಕೆ ಕಾರಣವಿದೆ. ಅಗ್ಗದ ಮೀಟರುಗಳ ಎಸಿ ರೇಂಜ್ 400 ಹರ್ಟ್ಸಿನವರೆಗೆ ಮಾತ್ರ ನಂಬಿಕಸ್ತ.

ಗೇನ್ ಇಡಲೂ ಅದೇ ಟೋನ್. ಸ್ಪೀಕರ್ ಕಳಚಿ, ಸ್ಟೀರಿಯೊವನ್ನು ಆ ಮಿತಿಯಲ್ಲಿಟ್ಟು, ಆಂಪಿನ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟ್ ನೋಡುತ್ತ ಗೇನ್ ತಿರುಗಿಸಿ. 4 ಓಮಿಗೆ 50 ವ್ಯಾಟ್ ಬೇಕಾದರೆ 14.1 ವೋಲ್ಟ್, 75 ವ್ಯಾಟಿಗೆ 17.3, 100 ವ್ಯಾಟಿಗೆ 20. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವ ಅಂಕಿ ಅದು. ಮುಂದೆ ಹೋದರೆ ಸದ್ದು ಹೆಚ್ಚುವುದಿಲ್ಲ, ಒರಟಾಗುತ್ತದೆ, ಮೊದಲು ಟ್ವೀಟರ್ ಹೋಗುತ್ತದೆ. ಅಂದಹಾಗೆ, ಕಂಪನಿ ಟ್ವೀಟರಿನ ಬೆನ್ನಿಗೇ ಒಂದು ಪುಟ್ಟ ಕೆಪಾಸಿಟರ್ ಅಂಟಿರುತ್ತದೆ. ಹಳೆಯ ಟ್ವೀಟರಿನ ಜೊತೆ ಅದೂ ಹೊರಟುಹೋದರೆ, ಡಿಎಸ್‌ಪಿಯಲ್ಲೂ ಕ್ರಾಸ್‌ಓವರ್ (ಯಾವ ಸ್ಪೀಕರಿಗೆ ಯಾವ ದನಿ ಎಂದು ಹಂಚುವ ಸೆಟ್ಟಿಂಗ್) ಇಡದಿದ್ದರೆ, ಹೊಸ ಟ್ವೀಟರಿಗೆ ಬೇಸೂ ಬಂದು ಒಂದೇ ಹಾಡಿಗೆ ಸುಡುತ್ತದೆ. 4 ಓಮಿನ ಟ್ವೀಟರಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4000 ಹರ್ಟ್ಸಿನಿಂದ ಕೆಳಗಿನದು ತಗ್ಗುತ್ತ ಹೋಗುತ್ತದೆ.

ಮಳೆಗಾಲದಲ್ಲಿ ಹುಟ್ಟುವ ದೋಷ

ಜೂನಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ಕಾರುಗಳಲ್ಲಿ ಒಂದು ಬಾಗಿಲಿನ ಬೇಸ್ ಮಾತ್ರ ಮೆಲ್ಲಗೆ ಸೊರಗುವುದುಂಟು. ಬಾಗಿಲಿನ ಒಳಗೆ ನೀರು ಬರುವುದು ಸಹಜ. ಗಾಜಿನ ಪಕ್ಕದ ಸಂದಿಯಿಂದ ಇಳಿದು, ತಳದ ತೂತುಗಳಿಂದ ಹೊರಹೋಗುವಂತೆಯೇ ಅದನ್ನು ಮಾಡಿರುತ್ತಾರೆ. ಸ್ಪೀಕರ್ ಕೂರಿಸಲು ಎಂಡಿಎಫ್ (ಮರದ ಪುಡಿಯ ಹಲಗೆ) ರಿಂಗ್ ಹಾಕಿದ್ದರೆ ಒಂದೇ ಮಳೆಗಾಲಕ್ಕೆ ಅದು ರವೆಯಂತೆ ಉಬ್ಬಿ, ಸ್ಕ್ರೂ ಸಡಿಲವಾಗಿ, ಕೋನಿನ ಹಿಂದಿನ ಗಾಳಿ ಮುಂದಕ್ಕೆ ಸೋರುತ್ತದೆ. ಪ್ಲಾಸ್ಟಿಕ್ ರಿಂಗ್ ಹಾಕಿ, ತಗಡಿಗೂ ರಿಂಗಿಗೂ ನಡುವೆ ಫೋಮ್ ಟೇಪ್ ಇಡಿ.

ಬಾಗಿಲು ತೆಗೆದಾಗ ಗುಳುಗುಳು ನೀರಿನ ಸದ್ದು ಬಂದರೆ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಗ್ಗಿಸುವ ಹಾಳೆ) ಅಂಟಿಸಿದವರು ತಳದ ತೂತು ಮುಚ್ಚಿದ್ದಾರೆ. ಹೊರಗಿನಿಂದಲೇ, ಬಾಗಿಲಿನ ಕೆಳ ಅಂಚಿನಲ್ಲಿ ಪ್ಲಾಸ್ಟಿಕ್ ಕಡ್ಡಿ ಆಡಿಸಿ ಬಿಡಿಸಬಹುದು. ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿದ್ದರೆ ಪ್ಯಾನೆಲ್ಲಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದೆ. ಅದು ಕಸವೆಂದು ಕಿತ್ತೆಸೆಯುವವರಿದ್ದಾರೆ. ನೀರು ಒಳಗೆ ಬಾರದಂತೆ ತಡೆಯುವುದೇ ಅದು. ಬ್ಯುಟೈಲ್ ಟೇಪಿನಲ್ಲಿ ಮತ್ತೆ ಅಂಟಿಸಬೇಕು. ಡ್ಯಾಂಪಿಂಗ್ ಶೀಟ್ ಇಡೀ ಬಾಗಿಲಿಗೆ ಹಚ್ಚುವ ಅಗತ್ಯವೂ ಇಲ್ಲ, ಹೊರ ತಗಡಿನ ನಾಲ್ಕನೇ ಒಂದು ಭಾಗ ಮುಚ್ಚಿದರೆ ಕಂಪನ ಬಹುಮಟ್ಟಿಗೆ ಅಡಗುತ್ತದೆ.

ಕಟಕಟ ಸದ್ದಿಗೆ 40ರಿಂದ 200 ಹರ್ಟ್ಸಿನವರೆಗೆ ನಿಧಾನಕ್ಕೆ ಏರುವ ಟೋನ್ ಹಚ್ಚಿ, ಅದುರುವ ಕಡೆ ಅಂಗೈ ಒತ್ತಿ. ಒತ್ತಿದಾಗ ನಿಂತ ಜಾಗವೇ ದೋಷದ ಜಾಗ. ನಿಂತ ಕಾರಿನಲ್ಲಿ ಬಾರದೆ ಗುಂಡಿ ರಸ್ತೆಯಲ್ಲಷ್ಟೇ ಬಂದರೆ ಅದಕ್ಕೂ ಸ್ಪೀಕರಿಗೂ ಸಂಬಂಧವಿಲ್ಲ, ಕ್ಲಿಪ್ ಬದಲಾಯಿಸಿ.

ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಹಾಡು ನಿಲ್ಲುವುದು

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆಫ್ ಆಗಿ, ಕ್ಲಚ್ ಒತ್ತಿದಾಗ ಮತ್ತೆ ಶುರುವಾಗುವ ಕಾರುಗಳಲ್ಲಿ ಪ್ರತಿ ಸಲವೂ ಹಾಡು ಒಂದೆರಡು ಸೆಕೆಂಡ್ ನಿಂತರೆ ಆಂಪ್ ಕೆಟ್ಟಿಲ್ಲ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 10ರ ಆಸುಪಾಸಿಗೆ ಕುಸಿಯುತ್ತದೆ, ಆಂಪ್ ಅದನ್ನು ಕಂಡು ಆಫ್ ಆಗುತ್ತದೆ. 6 ವೋಲ್ಟಿನವರೆಗೆ ತಡೆಯುವ ಆಂಪುಗಳಿವೆ. ಕೊಳ್ಳುವಾಗ ಅದರ ಕನಿಷ್ಠ ವೋಲ್ಟೇಜ್ ಓದಿ. ಈಗಾಗಲೇ ಕೊಂಡಿದ್ದರೆ ಎಂಜಿನ್ ತಾನೇ ನಿಲ್ಲಿಸುವ ಸ್ಟಾರ್ಟ್-ಸ್ಟಾಪನ್ನು ಬಟನ್ ಒತ್ತಿ ಆಫ್ ಮಾಡಿಕೊಳ್ಳುವುದೇ ಅಗ್ಗದ ಪರಿಹಾರ. ಇಂಥ ಕಾರುಗಳ ಆಲ್ಟರ್ನೇಟರ್ ಓಡುವಾಗಲೂ ಒಮ್ಮೆ 12.5, ಇನ್ನೊಮ್ಮೆ 15ರ ಹತ್ತಿರ ತೋರಿಸುತ್ತದೆ. ಅದು ಇಂಧನ ಉಳಿಸುವ ಲೆಕ್ಕ, ದೋಷವಲ್ಲ.

ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಹಾಡಿ, ನಿಂತು, ಹತ್ತು ನಿಮಿಷದ ಮೇಲೆ ತಾನೇ ಸರಿಹೋದರೆ ಅದು ಬಿಸಿ. ಆಂಪನ್ನು ಕಾರ್ಪೆಟ್ಟಿನ ಕೆಳಗೆ ಹೂತಿದ್ದರೆ ಮೇಲೆ ತನ್ನಿ, ನಾಲ್ಕೂ ಕಡೆ ಎರಡು ಬೆರಳು ಗಾಳಿ ಬಿಡಿ. ಸೀಟು ಹಿಂದೆಮುಂದೆ ಸರಿಸಿ ಹಳಿಗೆ ವೈರು ಸಿಗುತ್ತಿಲ್ಲವೆಂದೂ ನೋಡಿಕೊಳ್ಳಿ.

ಮೆಲ್ಲನೆಯ ಹಾಡಿನಲ್ಲಿ ಸದ್ದು ನಿಂತು ನಿಂತು ಬರುತ್ತದೆಯೇ? ರಿವರ್ಸ್ ಸೆನ್ಸರಿನ ಮೊದಲ ಬೀಪ್ ಕೇಳುವುದಿಲ್ಲವೇ? ಆಂಪ್ ಸಿಗ್ನಲ್ ನೋಡಿ ಎಚ್ಚರವಾಗುತ್ತಿದೆ. ಫ್ಯೂಸ್ ಬಾಕ್ಸಿನಲ್ಲಿ ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ಫ್ಯೂಸಿನಿಂದ, ಫ್ಯೂಸ್-ಟ್ಯಾಪ್ (ಫ್ಯೂಸಿನ ಜಾಗದಲ್ಲೇ ಕೂತು ಇನ್ನೊಂದು ವೈರು ಕೊಡುವ ತುಂಡು) ಬಳಸಿ ರಿಮೋಟ್ ವೈರ್ ಕೊಡಿ. ಏರ್‌ಬ್ಯಾಗ್, ಎಬಿಎಸ್ ಫ್ಯೂಸ್ ಬೇಡ.

ಎಫ್‌ಎಂ ಕೆಟ್ಟರೆ

ಮೊದಲು 101.3ರ ಕಾಮನಬಿಲ್ಲು, ಆಮೇಲೆ 102.9ರ ವಿವಿಧ ಭಾರತಿ ಹಚ್ಚಿ, ಡ್ಯಾಶ್‌ಕ್ಯಾಮ್, ಸಿಗರೇಟ್ ಸಾಕೆಟ್ಟಿನ ಚಾರ್ಜರ್, ಎಲ್‌ಇಡಿ ದೀಪ ಒಂದೊಂದೇ ಕಿತ್ತು ಕೇಳಿ. ಬಹುಪಾಲು ಅಪರಾಧಿ ಚಾರ್ಜರೇ. ಅವೆಲ್ಲ ತೆಗೆದರೂ ಕರಕರ ಉಳಿದು, ಆಂಪಿನ ಫ್ಯೂಸ್ ಕಿತ್ತಾಗ ಮಾಯವಾದರೆ ಆಂಪಿನ ವೈರು ಆಂಟೆನಾ ವೈರಿಗೆ ಅಂಟಿಕೊಂಡಿದೆ. ಒಂದು ಗೇಣು ದೂರ ಸರಿಸಿ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ

ಕೀ ತೆಗೆದು, ಕಾರು ಲಾಕ್ ಮಾಡಿದ ಮೇಲೆ ರಿಮೋಟ್ ಟರ್ಮಿನಲ್ಲಿನಲ್ಲಿ ಸೊನ್ನೆ ವೋಲ್ಟ್ ಬರಬೇಕು. ಸದಾ ಕರೆಂಟು ಇರುವ ವೈರಿಗೆ ರಿಮೋಟ್ ಸೇರಿಸಿದ್ದರೆ ಆಂಪ್ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಹಾಡಿಲ್ಲದೆಯೂ 0.8 ಆಂಪಿಯರ್ ಎಳೆದರೆ 35 ಆಂಪಿಯರ್-ಅವರ್ ಬ್ಯಾಟರಿ 44 ಗಂಟೆಗೆ ಪೂರ್ತಿ ಬರಿದು, ಸ್ಟಾರ್ಟ್ ಆಗದಿರುವುದು ಅದಕ್ಕೂ ಎಷ್ಟೋ ಮುಂಚೆ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕಾರು ನಿಲ್ಲಿಸಿ ಮೂರು ದಿನಕ್ಕೆ ಹೋಗಿ ಬಂದವರಿಗೆ ಜಂಪ್ ಸ್ಟಾರ್ಟ್ ಬೇಕಾಗುವುದು ಹೀಗೆ.

ಅಳೆಯಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಕಂಬಕ್ಕೂ ವೈರಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಹಚ್ಚಿ. ಹಾಗಿರುವಾಗ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ. ಕಾರಿನೊಳಗಿನ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ 0.05 ಆಂಪಿಯರಿಗಿಂತ ಕಡಿಮೆ ಇದ್ದರೆ ಸರಿ. ಹೆಚ್ಚಿದ್ದರೆ ಆಂಪಿನ ಫ್ಯೂಸ್ ಕೀಳಿ. ಅಂಕಿ ಇಳಿದರೆ ಆಂಪು, ಇಳಿಯದಿದ್ದರೆ ಡ್ಯಾಶ್‌ಕ್ಯಾಮಿನ ಕಡೆ ನೋಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಾದರೆ ಬಾನೆಟ್ ತೆಗೆದಾಗಲೇ ಪ್ಲಸ್ ವೈರನ್ನು ಬ್ಯಾಟರಿಯಿಂದ ಫೈರ್‌ವಾಲಿನ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ರಬ್ಬರ್ ತೂತಿನವರೆಗೆ ಬೆರಳಲ್ಲಿ ಸವರಿಕೊಂಡು ಹೋಗಿ. ಇಲಿ ಕಡಿದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಕಡಿದಿದ್ದರೆ ಟೇಪ್ ಸುತ್ತದೆ ಆ ತುಂಡನ್ನೇ ಬದಲಾಯಿಸಿ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ ಕಂಪನಿ ವೈರಿಂಗಿನ ಸಾಲಿನಲ್ಲೇ ಕಟ್ಟಿ.